ಒಳಕ್ಕೆ ಹಿಡಿದ ಹೊಲಿಗೆ

ನಮ್ಮಕ್ಕನ ಬಾಯಲ್ಲಿ ಯಾವಾಗಲೂ ಗುಂಡುಪಿನ್ನು. ಮಾತಾಡಿಸಿದರೆ ತುಟಿ ಬಿಚ್ಚದೆ ಹ್ಞೂಂ ಅನ್ನುತ್ತಿದ್ದಳು. ಬೈದರೂ ಹ್ಞೂಂ, ಹೊಗಳಿದರೂ ಹ್ಞೂಂ. ನಾನು ಅವಳ ತಂಗಿ, ನನ್ನ ಬಾಯಲ್ಲಿ ಪಿನ್ನೂ ನಿಲ್ಲುವುದಿಲ್ಲ, ಮಾತೂ ನಿಲ್ಲುವುದಿಲ್ಲ. ಅವಳು ಹೊಲಿದದ್ದಕ್ಕೆ ನಾನು ಇಸ್ತ್ರಿ ಹಾಕುತ್ತಿದ್ದೆ. ಹೀಗೆ ನಮ್ಮಿಬ್ಬರ ಸಂಸಾರ ನಡೆಯುತ್ತಿತ್ತು.

ಆ ದೊಡ್ಡ ಪಾಪ್ ಗಾಯಕಿಯ ಕೊನೆಯ ವಿದೇಶ ಟೂರಿನ ಬಗ್ಗೆ ಪತ್ರಿಕೆಯವರು ಪುಟಗಟ್ಟಲೆ ಬರೆದರು. ದೀಪಗಳ ಬಗ್ಗೆ ಬರೆದರು, ಹೊಗೆಯ ಬಗ್ಗೆ ಬರೆದರು, ಎಷ್ಟು ಲಾರಿ ಸಾಮಾನು ಅಂತ ಬರೆದರು. ಅವಳ ಬಟ್ಟೆ ಹೊಲಿದ ಹೆಂಗಸಿನ ಬಗ್ಗೆ ಒಂದು ಸಾಲೂ ಇಲ್ಲ. ಇಲ್ಲದಿದ್ದದ್ದೇ ಒಳ್ಳೆಯದಾಯಿತು ಅನ್ನಿ. ಬರೆದಿದ್ದರೆ ಏನು ಬರೆಯುತ್ತಿದ್ದರೋ, ಅದನ್ನು ಓದಿ ನಾನು ಯಾರ ಕುತ್ತಿಗೆ ಹಿಡಿಯುತ್ತಿದ್ದೆನೋ.

ಆ ಗಾಯಕಿಯನ್ನು ನಾವು ಗಿಣಿ ಅನ್ನುತ್ತಿದ್ದೆವು. ಗೋಡೆಗೋಡೆಯ ಮೇಲೆ ಅಂಟಿಸಿದ್ದ ಹೆಸರು ಬೇರೆ, ಅದು ಊರವರಿಗೆ. ಬಸ್ ನಿಲ್ದಾಣದ ಹಿಂದೆ ನಮ್ಮ ಟೈಲರ್ ಅಂಗಡಿ ಇದ್ದಾಗ ಅವಳು ಎದುರಿನ ಹೋಟೆಲಿನಲ್ಲಿ, ಉಣ್ಣುವವರ ಮುಂದೆ ಹಾಡುತ್ತಿದ್ದಳು. ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಒಂದು ದಿನ ಯಾರದೋ ಹಳೆಯ ಗೌನು ತಂದು ಅಕ್ಕನ ಮಷೀನಿನ ಮೇಲೆ ಹಾಕಿ, ಇದರೊಳಗೆ ಇನ್ನೂ ಇಬ್ಬರು ಹಿಡಿಯುತ್ತಾರೆ, ಅವರಿಬ್ಬರನ್ನೂ ಓಡಿಸಿಕೊಡಿ ಅಂದಳು. ಅಕ್ಕ ನಕ್ಕಳು. ನಮ್ಮಕ್ಕನನ್ನು ನಗಿಸುವುದು ಅಂದರೆ ಹುಡುಗಾಟವಲ್ಲ, ನನಗೆ ಆಗಲೇ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಆಮೇಲೆ ಗಿಣಿ ಬೆಳೆದಳು, ಹೋಟೆಲು ಹೋಗಿ ಸಭಾಂಗಣ ಬಂತು, ಸಭಾಂಗಣ ಹೋಗಿ ಕ್ರೀಡಾಂಗಣ ಬಂತು. ದೊಡ್ಡ ದೊಡ್ಡ ಕಂಪನಿಯವರು ಬಟ್ಟೆ ಹೊಲಿದುಕೊಡುತ್ತೇವೆ ಅಂತ ಮನೆ ಬಾಗಿಲು ಸವೆಸಿದರು. ಅವಳು ಅಕ್ಕನನ್ನು ಬಿಡಲಿಲ್ಲ. ಅಕ್ಕ ಬಂದರೆ ತಂಗಿಯೂ ಬರಲೇಬೇಕಲ್ಲ, ಹಾಗಾಗಿ ನಾನೂ ನನ್ನ ಇಸ್ತ್ರಿ ಪೆಟ್ಟಿಗೆಯೂ ವಿಮಾನ ಹತ್ತಿದೆವು.

ಹೊರಡುವ ದಿನ ಗಿಣಿಯ ತಾಯಿ ಬಂದಿದ್ದರು. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಿತವಾದ ಮಾತು. ವಿಮಾನ ಅಂದರೆ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು, ಮಗಳು ಎಷ್ಟು ಗೋಗರೆದರೂ ಒಮ್ಮೆಯೂ ಹತ್ತಿದವರಲ್ಲ. ಮಗಳನ್ನು ಬಿಟ್ಟು ಅಕ್ಕನ ಕೈ ಹಿಡಿದುಕೊಂಡರು.

“ನಿನ್ನ ಮೇಲೆ ಬಿಟ್ಟಿದೀನಿ ಕಣಮ್ಮ. ಅವಳಿಗೆ ಏನಾದ್ರೂ ಆದ್ರೆ ಒಂದು ಮಾತು ಹೇಳು. ಕಣ್ಣು ಮುಚ್ಕೊಂಡು ವಿಮಾನ ಹತ್ತಿ ಬರ್ತೀನಿ.”

ಅಕ್ಕ ಹ್ಞೂಂ ಅಂದಳು.

ಟೂರಿನಲ್ಲಿ ಅಕ್ಕನ ಕೆಲಸ ವೇದಿಕೆಯ ಕೆಳಗೆ. ಕಬ್ಬಿಣದ ಕಂಬಗಳ ನಡುವೆ ಕರಿಬಟ್ಟೆ ಕಟ್ಟಿದ ಒಂದು ಗೂಡು, ಅಷ್ಟೇ. ಮೇಲೆ ಕುಣಿಯುವವರು ಕುಣಿಯುತ್ತಿರುವಾಗ ಗಿಣಿ ಮೆಟ್ಟಿಲಿಳಿದು ಓಡಿಬರುತ್ತಿದ್ದಳು. ಅಕ್ಕ ಹಣೆಗೆ ಪುಟ್ಟ ಟಾರ್ಚು ಕಟ್ಟಿಕೊಂಡು ಕಾಯುತ್ತಿದ್ದಳು. ಬೆಳ್ಳಿ ಗೌನು ಕಳಚಿ ಕೆಂಪು ಕೋಟು ತೊಡಿಸಿ, ಜಿಪ್ಪೆಳೆದು, ಕೊರಳ ಮೈಕು ಸರಿಮಾಡಿ ಕಳಿಸುವಷ್ಟರಲ್ಲಿ ಮೇಲಿನ ಜನಕ್ಕೆ ಅವಳು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ಆ ಚಿಕ್ಕ ಹೊತ್ತಿನಲ್ಲೂ ಗಿಣಿಯ ಬಾಯಿ ಸುಮ್ಮನಿರುತ್ತಿರಲಿಲ್ಲ. ಮುಂದಿನ ಸಾಲಿನವನು ಆಕಳಿಸಿದ, ಡೋಲಿನವನ ಪ್ಯಾಂಟು ಹರಿದಿದೆ, ನನ್ನ ಕಾಲು ತುಳಿದೆಯಲ್ಲೇ ಅಕ್ಕಾ ಅಂತ ವರದಿ ಒಪ್ಪಿಸಿಯೇ ಹೋಗುತ್ತಿದ್ದಳು.

ಮೊದಲು ವ್ಯತ್ಯಾಸ ಹಿಡಿದದ್ದು ಅಳತೆಯ ಟೇಪು. ಇದನ್ನೆಲ್ಲ ಅಕ್ಕ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಸೊಂಟದ ಅಳತೆ ಇಳಿದಿತ್ತು. ಓಡಾಟ ಜಾಸ್ತಿ, ಕುಣಿತ ಜಾಸ್ತಿ, ಇಳಿಯದೆ ಏನು ಅಂದುಕೊಂಡು ಅಕ್ಕ ಎರಡೂ ಬದಿಯ ಹೊಲಿಗೆಯನ್ನು ಸ್ವಲ್ಪ ಒಳಕ್ಕೆ ಹಿಡಿದಳು. ಮುಂದಿನ ಊರಿನಲ್ಲಿ ಮತ್ತೆ ಸಡಿಲ. ಅಲ್ಲಿಂದ ಮುಂದಿನ ಊರಿನಲ್ಲಿ ಗಿಣಿ ಮೇಕಪ್ ಕೋಣೆಯ ಬೇಸಿನ್ನು ಹಿಡಿದುಕೊಂಡು ವಾಂತಿ ಮಾಡುವುದನ್ನು ಅಕ್ಕ ನೋಡಿದಳು. ಹೊಟ್ಟೆಯಲ್ಲಿ ನೋವು, ತಿಂದದ್ದು ನಿಲ್ಲುವುದಿಲ್ಲ, ಯಾವಾಗಿನಿಂದಲೋ ಹೀಗೆಯೇ ಅಂತ ಆ ಹುಡುಗಿ ಒಪ್ಪಿಕೊಂಡಳು. ಅಕ್ಕ ಅವಳ ಕೈ ಹಿಡಿದು, ಡಾಕ್ಟರ ಹತ್ತಿರ ಈಗಲೇ ಹೋಗೋಣ ನಡಿ ಅಂದಳಂತೆ.

“ಟೂರ್ ಮುಗೀಲಿ ಅಕ್ಕಾ, ಮಾರನೇ ದಿನಾನೇ ನೀನೇ ಕರ್ಕೊಂಡು ಹೋಗು. ಈಗ ನಿಲ್ಲಿಸಿದ್ರೆ ಇಷ್ಟು ಜನ ಕೆಲಸ ಕಳ್ಕೊಂಡು ಮನೆಗೆ ಹೋಗ್ಬೇಕು. ನನ್ನನ್ನ ಇನ್ನೊಂದು ಸಲ ಯಾರು ಕರೀತಾರೆ? ಅಮ್ಮಂಗಂತೂ ಹೇಳ್ಬೇಡ, ನಿನ್ನ ದಮ್ಮಯ್ಯ.”

ಅಕ್ಕ ಸೋತದ್ದು ಅಲ್ಲಿ. ಆ ಹುಡುಗಿ ಏನು ಕೇಳಿದರೂ ಇಲ್ಲ ಅನ್ನಲು ನಮ್ಮಕ್ಕನಿಗೆ ಬಾರದು. ಪ್ರೀತಿ ಅಂದರೆ ಕೇಳಿದ್ದನ್ನು ಕೊಡುವುದು ಅಂತ ಅವಳು ತಿಳಿದಿದ್ದಳು, ಆ ತಿಳಿವಳಿಕೆಗಿಷ್ಟು ಬೆಂಕಿ ಹಾಕ. ಗಿಣಿ ಸಣ್ಣಗಾದದ್ದು ಯಾರಿಗೂ ಕಾಣಿಸಬಾರದು, ಅಷ್ಟೇ ತಾನೇ? ಅದು ಸೂಜಿಯ ಕೆಲಸ, ಮತ್ತು ಸೂಜಿಯ ಕೆಲಸದಲ್ಲಿ ನಮ್ಮಕ್ಕನನ್ನು ಮೀರಿಸುವವರಿರಲಿಲ್ಲ.

ಬೆಳ್ಳಿ ಗೌನಿನ ಸೊಂಟವನ್ನು ಬಿಗಿ ಮಾಡಿ, ಕೆಳಗೆ ಎರಡೂ ಕಡೆ ತೆಳ್ಳನೆಯ ಸ್ಪಂಜು ಸೇರಿಸಿದಳು. ತೋಳು ಕಡ್ಡಿಯಾಗಿತ್ತು, ಉದ್ದ ತೋಳು ಹೊಲಿದು ಒಳಗೆ ಹತ್ತಿಯ ಪದರ ಕೊಟ್ಟಳು. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು, ಗಲ್ಲದವರೆಗೆ ಬರುವ ಎತ್ತರದ ಕಾಲರ್ ಇಟ್ಟಳು. ಆ ಕಾಲರ್ ನೋಡಿ ಫ್ಯಾಷನ್ ಪತ್ರಿಕೆಯವರಿಗೆ ಹುಚ್ಚು ಹಿಡಿಯಿತು. ಹೊಸ ಯುಗದ ಶೈಲಿಯಂತೆ! ಆಮೇಲೆ ಯಾವ ಊರಿಗೆ ಹೋದರೂ ಮುಂದಿನ ಸಾಲುಗಳ ಹುಡುಗಿಯರೆಲ್ಲ ಗಲ್ಲದವರೆಗೆ ಕಾಲರ್ ಹಾಕಿಕೊಂಡು ಬಂದು, ಸೆಕೆಯಲ್ಲಿ ಬೆವರುತ್ತ ಕುಣಿಯುತ್ತಿದ್ದರು. ನಾನೂ ಬಿಟ್ಟ ಬಾಯಿ ಮುಚ್ಚದೆ ಮೆಚ್ಚಿ ನೋಡಿದೆ. ನನಗೇನು ಗೊತ್ತು.

ನನಗೆ ಗೊತ್ತಾದದ್ದು ವಾಸನೆಯಿಂದ. ಒಂದು ಮಧ್ಯಾಹ್ನ ಬೆಳ್ಳಿ ಗೌನಿಗೆ ಇಸ್ತ್ರಿ ಹಾಕುತ್ತಿದ್ದೆ, ಸೊಂಟದ ಹತ್ತಿರ ಕಮಟು ವಾಸನೆ ಬಂತು. ಸ್ಪಂಜು ಕರಗಿದ ವಾಸನೆ. ಗೌನಿನಲ್ಲಿ ಸ್ಪಂಜು ಎಲ್ಲಿಂದ ಬಂತು ಅಂತ ಲೈನಿಂಗ್ ಬಿಚ್ಚಿ ನೋಡಿದರೆ, ಹೊಲಿಗೆಯ ಮೇಲೆ ಹೊಲಿಗೆ, ಅದರ ಮೇಲೆ ಇನ್ನೊಂದು, ಒಳಕ್ಕೆ ಒಳಕ್ಕೆ ಹಿಡಿದುಕೊಂಡು ಹೋಗಿದ್ದಾಳೆ. ಹೊರಗಿನಿಂದ ನೋಡಿದರೆ ತುಂಬಿದ ಮೈಯ ಹೆಂಗಸಿನ ಗೌನು. ಒಳಗಿನಿಂದ ನೋಡಿದರೆ ಶಾಲೆಗೆ ಹೋಗುವ ಮಗುವಿನದು.

ಅಕ್ಕನನ್ನು ಬಾಯಿಗೆ ಬಂದ ಹಾಗೆ ಬೈದೆ. ನಿನಗೇನು ಬುದ್ಧಿಗಿದ್ಧಿ ಇದೆಯಾ, ಅದು ಹುಡುಗಿಯಾ, ಬೊಂಬೆಯಾ ಅಂದೆ. ಅವಳು ಕರಗಿದ ಸ್ಪಂಜನ್ನು ಕಿತ್ತು ಹೊಸದು ಕತ್ತರಿಸುತ್ತ ಕೂತಳು. ನೇರ ಟೂರಿನ ಮ್ಯಾನೇಜರ್ ಹತ್ತಿರ ಹೋಗಿ, ಹುಡುಗಿ ದಿನೇದಿನೇ ಇಳಿಯುತ್ತಿದ್ದಾಳೆ, ಡಾಕ್ಟರಿಗೆ ತೋರಿಸಿ ಅಂದೆ. ಅವನು ಕೆಟ್ಟವನಲ್ಲ, ಕೆಟ್ಟವನು ಅಂದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಹಿಡಿದಿದ್ದ ಕಾಫಿ ಇಟ್ಟು ಓಡಿಬಂದ. ಅಷ್ಟರಲ್ಲಿ ಗಿಣಿ ಕೆಂಪು ಕೋಟು ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಅವನೆದುರು ಒಂದು ಸುತ್ತು ತಿರುಗಿ, ಹೊಟ್ಟೆ ಬಂದಿರುವುದು ನಿಮಗೆ, ಡಾಕ್ಟರಿಗೆ ತೋರಿಸಬೇಕಾದವರು ನೀವು ಅಂದಳು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆದರೂ ಅವನು ಅಕ್ಕನ ಕಡೆ ತಿರುಗಿ, ಅಳತೆ ಏನಾದರೂ ಬದಲಾಗಿದೆಯಾ, ನಿಮಗೆ ಗೊತ್ತಿರುತ್ತದಲ್ಲ ಅಂತ ಕೇಳಿದ. ಅಕ್ಕ ಪಿನ್ನು ಕಚ್ಚಿಕೊಂಡೇ ಇಲ್ಲ ಅಂತ ತಲೆಯಾಡಿಸಿದಳು. ಅವನಿಗೆ ಹೋದ ಜೀವ ಬಂತು. ಹೋಗುವಾಗ ನನ್ನ ಕಡೆ ಹೇಗೆ ನೋಡಿದ ಅಂದರೆ, ನಾನೇ ಯಾವುದೋ ಹೊಟ್ಟೆಕಿಚ್ಚಿಗೆ ಕಥೆ ಕಟ್ಟಿದ್ದೇನೆ ಅನ್ನುವ ಹಾಗೆ.

ಬಿಡುತ್ತೇನೆಯೇ? ಗಿಣಿಯ ತಾಯಿಗೆ ಫೋನ್ ಮಾಡಿದೆ. ಹುಡುಗಿ ಸೊರಗಿ ಹೋಗಿದ್ದಾಳೆ, ಏನೂ ತಿನ್ನುತ್ತಿಲ್ಲ, ತಕ್ಷಣ ಹೊರಟು ಬನ್ನಿ ಅಂದೆ. ಸ್ಪಂಜಿನ ಮಾತು ಎತ್ತಬೇಕು ಅನ್ನುವಷ್ಟರಲ್ಲಿ ಅಕ್ಕ ಹಿಂದಿನಿಂದ ಬಂದು ಫೋನು ಕಿತ್ತುಕೊಂಡಳು. ಬಾಯಲ್ಲಿದ್ದ ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡಳು.

“ಹಾಗೇನಿಲ್ಲಮ್ಮ. ಇವಳದು ಯಾವಾಗ್ಲೂ ಬಾಯಿ ಜೋರು, ನಿಮಗೆ ಗೊತ್ತಲ್ಲ. ಬರೋ ವಾರ ಟಿವಿಯಲ್ಲಿ ಬರುತ್ತೆ, ನೀವೇ ನೋಡಿ.”

ಅಕ್ಕನ ಬಾಯಿಂದ ಅಷ್ಟುದ್ದದ ಮಾತು ನಾನು ಅದುವರೆಗೆ ಕೇಳಿರಲಿಲ್ಲ. ಆ ಟಿವಿ ಕಾರ್ಯಕ್ರಮಕ್ಕಾಗಿ ಅವಳು ಎರಡು ದಿನ ಎದ್ದೇಳದೆ ಹೊಲಿದಳು. ದೊಡ್ಡ ಪರದೆಯ ಮೇಲೆ ಗಿಣಿ ಮೊದಲಿಗಿಂತ ಲಕ್ಷಣವಾಗಿ ಕಂಡಳು. ಕೂಗುವ ಜನರ ನಡುವೆ ನಿಂತು ನಾನೊಬ್ಬಳೇ ಅತ್ತೆ. ನಾನು ಅಕ್ಕನ ಜೊತೆ ಮಾತು ಬಿಟ್ಟೆ, ಅವಳಿಗೆ ಅದು ಗೊತ್ತಾಯಿತೋ ಇಲ್ಲವೋ.

ಟೂರ್ ಮುಗಿಯಲು ಇನ್ನೆರಡೇ ಊರು ಉಳಿದಿದ್ದವು. ಗಿಣಿ ಮೆಟ್ಟಿಲಿಳಿದು ಕರಿಬಟ್ಟೆಯ ಗೂಡಿಗೆ ಬಂದಳು, ಅವತ್ತು ವರದಿ ಒಪ್ಪಿಸಲಿಲ್ಲ. ಅಕ್ಕ ಬೆಳ್ಳಿ ಗೌನು ಕಳಚಿದಳು. ಗೌನಿನ ಜೊತೆಗೇ ಹುಡುಗಿಯೂ ಕುಸಿದಳು. ಅಕ್ಕ ಅವಳನ್ನು ತಬ್ಬಿ ಹಿಡಿದು ನನ್ನನ್ನು ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಮೇಲೆ ಕುಣಿಯುವವರು ಕುಣಿದದ್ದನ್ನೇ ಮತ್ತೆ ಮತ್ತೆ ಕುಣಿಯುತ್ತಿದ್ದರು, ಜನ ಅವಳ ಹೆಸರು ಹಿಡಿದು ಕರೆಯುತ್ತಿದ್ದರು. ನಾವು ಅವಳನ್ನು ಒಂದು ಹೊದಿಕೆಯಲ್ಲಿ ಸುತ್ತಿ ಆಂಬುಲೆನ್ಸಿಗೆ ಹಾಕಿದೆವು.

ಹೊಟ್ಟೆಯಲ್ಲಿ ಗಡ್ಡೆ ಎದ್ದು ಎಲ್ಲ ಕಡೆ ಹರಡಿತ್ತು. ಇಷ್ಟು ಇಳಿದುಹೋಗಿರುವುದನ್ನು ನಿಮ್ಮಲ್ಲಿ ಒಬ್ಬರೂ ನೋಡಲಿಲ್ಲವೇ, ಟೂರಿನ ಶುರುವಿನಲ್ಲೇ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು ಅಂದರು ಡಾಕ್ಟರು. ಮ್ಯಾನೇಜರ್ ಗೋಡೆಗೆ ಹಣೆ ಒತ್ತಿಕೊಂಡು ನಿಂತ. ಅವಳ ತಾಯಿ ನಿಜವಾಗಿಯೂ ಕಣ್ಣು ಮುಚ್ಚಿಕೊಂಡು ವಿಮಾನ ನಿಲ್ದಾಣಕ್ಕೆ ಬಂದಿದ್ದರು. ಅವರು ಹತ್ತುವ ಮೊದಲೇ ಗಿಣಿ ಹೋಗಿಬಿಟ್ಟಳು, ನಾವು ಫೋನ್ ಮಾಡಿ, ಬರುವುದು ಬೇಡ, ನಾವೇ ಕರೆದುಕೊಂಡು ಬರುತ್ತೇವೆ ಅನ್ನಬೇಕಾಯಿತು.

ಆಸ್ಪತ್ರೆಯವರು ಬಿಳಿ ಬಟ್ಟೆ ಕೊಟ್ಟರು. ಅಕ್ಕ ಬೇಡ ಅಂದು ಟ್ರಂಕಿನಿಂದ ಬೆಳ್ಳಿ ಗೌನು ತರಿಸಿದಳು. ಹತ್ತಿ, ಸ್ಪಂಜು ಎಲ್ಲವನ್ನೂ ಮೊದಲಿನ ಹಾಗೆ ಒಂದೊಂದಾಗಿ ಕೂರಿಸಿ, ಕಾಲರ್ ಗಲ್ಲದವರೆಗೆ ಎಳೆದಳು. ಮಾತು ಬಿಟ್ಟಿದ್ದ ನಾನೇ ಬಾಯಿ ಬಿಟ್ಟು, ಇನ್ನು ಯಾರಿಗೋಸ್ಕರ ಇದೆಲ್ಲ ಅಂತ ಕೇಳಿದೆ. ಅವಳಮ್ಮ ನೋಡಬಾರದು ಅಂದಳು. ನಾನು ಗೌನಿನ ಅಂಚನ್ನು ಕೈಯಲ್ಲೇ ತೀಡಿ ಸರಿಮಾಡಿದೆ.

ಒಂದು ತಿಂಗಳ ಮೇಲೆ ಉಳಿದ ಬಟ್ಟೆಗಳ ಟ್ರಂಕನ್ನು ಆ ತಾಯಿಗೆ ಒಪ್ಪಿಸಲು ಹೋದೆವು. ಸಣ್ಣ ಮನೆ, ಚೊಕ್ಕ ಮನೆ. ಟಿವಿಗೆ ಟವೆಲು ಹೊದಿಸಿದ್ದರು. ನೀರು ಕೊಟ್ಟರು, ಅಕ್ಕನ ಪಕ್ಕದಲ್ಲೇ ಕೂತು ಅವಳ ಬೆನ್ನು ಸವರಿದರು. ನೀನು ನನ್ನ ಮಗಳನ್ನು ಕೊನೆಯವರೆಗೂ ಚೆನ್ನಾಗಿ ನೋಡಿಕೊಂಡೆ, ಪೆಟ್ಟಿಗೆಯಲ್ಲಿ ಮಲಗಿದ್ದಾಗಲೂ ನಿದ್ದೆ ಹೋದ ಹಾಗಿದ್ದಳು, ಆ ರೋಗ ನನ್ನ ಮಗುವನ್ನು ಸೊರಗಿಸದೆ ಕರೆದುಕೊಂಡು ಹೋಯಿತು, ಅಷ್ಟು ಸಾಕು ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

“ನಿನ್ನ ಫೋನ್ ಬಂದ ದಿನ ಚೀಲ ತುಂಬಿ ಬಾಗಿಲ ಹತ್ರ ಇಟ್ಟಿದ್ದೆ ಕಣೆ. ಟಿಕೆಟ್ಟೂ ಮಾಡಿಸಿದ್ದೆ. ಆಮೇಲೆ ಟಿವಿಯಲ್ಲಿ ನೋಡಿದೆ, ಮೈಕೈ ತುಂಬ್ಕೊಂಡು ಎಷ್ಟು ಚೆನ್ನಾಗಿದ್ಲು. ಸಮಾಧಾನ ಆಯ್ತು, ಚೀಲ ಬಿಚ್ಚಿಬಿಟ್ಟೆ.”

ಹೇಳಬೇಡ ಕಣೇ, ಈಗ ಹೇಳಿ ಏನು ಬಂತು, ಇವರಿಗೆ ಉಳಿದಿರುವುದು ಅದೊಂದೇ ಅಂತ ಮನಸ್ಸಿನಲ್ಲೇ ಅಕ್ಕನ ಕಾಲು ಹಿಡಿದೆ. ಜೀವಮಾನವೆಲ್ಲ ಬಾಯಿ ಬಿಡದವಳು ಆಗ ಬಿಟ್ಟಳು.

“ಅದು ಅವಳ ಮೈಯಲ್ಲಮ್ಮ. ನಾನು ಸ್ಪಂಜು ಇಟ್ಟು ಹೊಲಿದಿದ್ದು. ಪೆಟ್ಟಿಗೆಯಲ್ಲಿ ನೀವು ನೋಡಿದ್ದೂ ಅದೇ.”

ಅವರು ಬೆನ್ನ ಮೇಲಿದ್ದ ಕೈ ತೆಗೆದರು. ಬೈಯುತ್ತಾರೆ, ಹೊಡೆಯುತ್ತಾರೆ, ಎದ್ದು ಆಚೆ ಹೋಗಿ ಅನ್ನುತ್ತಾರೆ ಅಂತ ಕಾದೆ. ಅಂದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಟ್ರಂಕನ್ನು ನೋಡುತ್ತಲೇ ಕೇಳಿದರು.

“ಹಾಗಾದ್ರೆ ಎಷ್ಟಾಗಿದ್ಲು?”

ಅಕ್ಕ ಎರಡು ಕೈಗಳನ್ನು ಮುಂದೆ ಚಾಚಿ, ಹೆಬ್ಬೆರಳಿಗೆ ಹೆಬ್ಬೆರಳು, ಬೆರಳಿಗೆ ಬೆರಳು ತಾಗಿಸಿ, ಮಗಳ ಸೊಂಟವನ್ನು ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದರು. ಆ ಕೈಗಳ ನಡುವಿನ ಖಾಲಿ ಜಾಗದೊಳಗೆ ತಮ್ಮ ಕೈ ಇಟ್ಟು, ಇಷ್ಟೇನಾ ಅಂದರು. ಅವರು ಸಾಕು ಅನ್ನುವವರೆಗೆ ಹಿಡಿದಿರಬೇಕು ಅಂತ ಅಕ್ಕ ಕೈ ಇಳಿಸಲಿಲ್ಲ. ಅವರು ಸಾಕು ಅನ್ನಲಿಲ್ಲ.