ದೇವರ ಹೆಸರಿನಲ್ಲಿದ್ದ ವೆಬ್‌ಸೈಟ್

ಹೊಸದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಇಂಟರ್ನೆಟ್ ಸೆಂಟರ್ ಇತ್ತು. ಮೂರು ಕಂಪ್ಯೂಟರ್, ಒಂದು ಫೋನ್ ಲೈನು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ, ಆದರೆ ಅದನ್ನು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಮತ್ತೋಡಿನ ಕಡೆಯ ಕಂಬಳಿ ನೇಯುವವರು ತಮಗೊಂದು ವೆಬ್‌ಸೈಟ್ ಬೇಕೆಂದಾಗ, ಅದೇನು ಮಹಾ ಎಂದು ಒಪ್ಪಿಕೊಂಡುಬಿಟ್ಟೆ.

ಬಂದಿದ್ದವರು ಅವರ ಸಂಘದ ಹಿರಿಯರು. ಅರ್ಧ ವರ್ಷ ಕುರಿ, ಅರ್ಧ ವರ್ಷ ಮಗ್ಗ ಎಂದು ಬಾಳಿದ ಅಜ್ಜ. ವೆಬ್‌ಸೈಟಿನ ಹೆಸರು ನೋಂದಾಯಿಸುವ ಅರ್ಜಿಯಲ್ಲಿ ಮಾಲೀಕರು ಯಾರು ಎಂದು ಕೇಳಿತ್ತು.

"ಯಾರ ಹೆಸರು ಹಾಕ್ಲಿ ಅಜ್ಜಾ?"

"ದೇವ್ರ ಹೆಸರು ಹಾಕು ತಮ್ಮಾ. ಸಂಘದ್ದು ಅಂದ್ಮೇಲೆ ಇನ್ಯಾರ ಹೆಸರು?"

ನನಗೂ ಅದು ವಿಚಿತ್ರ ಅನ್ನಿಸಲಿಲ್ಲ. ಅವರ ಮಗ್ಗದ ಮನೆ, ಉಣ್ಣೆ ಒಣಗಿಸುವ ಜಾಗ, ಎಲ್ಲವೂ ಕಾಗದದಲ್ಲಿ ಊರದೇವರದ್ದೇ. ಹಾಗೇ ಟೈಪ್ ಮಾಡಿದೆ. ಯಾವ ವೆಬ್ ಹೆಸರು ಯಾರದ್ದು ಎಂಬ ಪಟ್ಟಿ ಆಗ ಇಡೀ ಜಗತ್ತಿಗೆ ತೆರೆದಿತ್ತು. ಅದನ್ನು ಅಜ್ಜನಿಗೆ ತೋರಿಸಿ, ಇದು ಜಗತ್ತಿನ ಪಹಣಿ ಎಂದೆ.

"ಹಂಗಾರೆ ಅಮೆರಿಕದೋರಿಗೂ ಕಾಣ್ತೈತಾ?" ಎಂದು ಕೇಳಿ ಖುಷಿಯಾಗಿ ಹೋದರು.

ಎರಡನೆಯ ವರ್ಷಕ್ಕೆ ಹೆಸರು ನೋಂದಾಯಿಸಿದ್ದ ಕಂಪನಿಯಿಂದ ಮೇಲ್ ಬಂತು. ಮಾಲೀಕರ ವಿವರ ಸುಳ್ಳೆಂದು ಯಾರೋ ದೂರಿದ್ದಾರೆ. ಹದಿನೈದು ದಿನದೊಳಗೆ ಮಾಲೀಕರು ಫೋಟೊ ಇರುವ ಗುರುತಿನ ಚೀಟಿ ಕಳಿಸದಿದ್ದರೆ ಹೆಸರು ರದ್ದು. ಫೋನ್ ಲೈನ್ ಕೆಟ್ಟು ಕೂತಿದ್ದರಿಂದ ನಾನು ಅದನ್ನು ನೋಡಿದ್ದೇ ಹನ್ನೊಂದನೆಯ ದಿನ. ಅಷ್ಟರಲ್ಲಿ ಸಂಘದವರು ವೆಬ್‌ಸೈಟಿನ ಹೆಸರನ್ನು ಕಂಬಳಿಗಳ ಅಂಚಿನಲ್ಲೂ ನೇಯತೊಡಗಿದ್ದರು. ದೂರದ ಗಿರಾಕಿಗಳು ಅದನ್ನೇ ಹಿಡಿದು ಬರುತ್ತಿದ್ದರು.

ದೇವರಿಗೆ ಗುರುತಿನ ಚೀಟಿ ಎಲ್ಲಿಂದ ತರಲಿ? ಪಹಣಿ, ಪೂಜಾರಿಯ ಪತ್ರ, ಗುಡಿಯ ಫೋಟೊ ಜೋಡಿಸಿಕೊಂಡು, ಸ್ಕ್ಯಾನ್ ಮಾಡಿಸಲು ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಬಸ್ ಹತ್ತಿದೆ. ಕಳಿಸಿದ್ದಕ್ಕೆ ಮೊದಲಿನ ಒಕ್ಕಣೆಯೇ ಒಂದಕ್ಷರ ಬದಲಾಗದೆ ವಾಪಸ್ ಬಂತು. ಬಿಡಿಸಿ ಬರೆದೆ, ಅದೇ ಬಂತು. ಬೇಡಿಕೊಂಡು ಬರೆದೆ, ಅದೇ. ಇಂಥ ಹೆಸರುಗಳಿಗೆ ನಿಯಮ ಮಾಡುವ ಸಂಸ್ಥೆಯಲ್ಲೇನೋ ಎಲ್ಲ ಬಹಿರಂಗ. ಸಭೆಗಳ ನಡಾವಳಿ ಸಹ ಓದಬಹುದಿತ್ತು, ಯಾರು ಬೇಕಾದರೂ ಅಭಿಪ್ರಾಯ ತಿಳಿಸಿ ಎಂದೂ ಬರೆದಿದ್ದರು. ನಿಘಂಟು ಪಕ್ಕಕ್ಕಿಟ್ಟುಕೊಂಡು ಎರಡು ದಿನ ಓದಿದೆ. ದೇವರನ್ನು ಮಾಲೀಕನೆಂದು ನಂಬುವ ಊರುಗಳೂ ಭೂಮಿಯ ಮೇಲಿವೆ ಎಂಬುದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬಾಯಿ ತುಂಬ ಬೈಯೋಣವೆಂದರೆ ಬೈಸಿಕೊಳ್ಳಲು ಒಂದು ಮುಖವಾದರೂ ಬೇಕಲ್ಲ! ಅಳುವೇ ಬಂತು.

ಕೊನೆಯ ದಿನ ಬೆಳಿಗ್ಗೆ ಅಜ್ಜನ ಮನೆಗೆ ಓಡಿದೆ. ಅವರು ಕುರಿ ಹೊಡೆದುಕೊಂಡು ಹಿರಿಯೂರಿನ ಕಡೆ ಹೋಗಿದ್ದರು.

"ಐಮಂಗಲದ ಆಚೆಗೆಲ್ಲೋ ಮಂದೆ ಹಾಕ್ಯಾರೆ. ಯಾವ ಹೊಲ ಅಂತ ಹೇಳಾಣ?" ಎಂದರು ಸೊಸೆ.

ಹುಡುಕಲು ಹೊತ್ತಿರಲಿಲ್ಲ. ವಾಪಸ್ ಬಂದವನೇ ಮಾಲೀಕರ ಜಾಗದಲ್ಲಿ ನನ್ನ ಹೆಸರು ಹಾಕಿ, ಮತ್ತೆ ಚಿತ್ರದುರ್ಗಕ್ಕೆ ಹೋಗಿ ನನ್ನ ಡ್ರೈವಿಂಗ್ ಲೈಸೆನ್ಸ್ ಸ್ಕ್ಯಾನ್ ಮಾಡಿಸಿ ಕಳಿಸಿದೆ. ಎಷ್ಟು ಬರೆದರೂ ಕರಗದಿದ್ದವರು ಸಂಜೆಯೊಳಗೆ ಒಪ್ಪಿದರು.

ಅಜ್ಜ ಬಂದದ್ದು ತಿಂಗಳ ಮೇಲೆ. ಹೆಸರು ಉಳಿಸಿದ ಕತೆಯನ್ನು ಹುರುಪಿನಿಂದ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಈಗ ಅದರಾಗೆ ಯಾರ ಹೆಸರೈತೆ?"

"ನಂದು, ಅಜ್ಜಾ. ಬರೀ ಕಾಗದಕ್ಕೆ."

"ನಮ್ಮಪ್ಪನ ಕಾಲ್ದಾಗೆ ಊರೋರೆಲ್ಲ ಸೇರಿ ಬಾವಿ ತೋಡಿದ್ರು. ಮನುಷ್ಯನ ಹೆಸರೇ ಆಗ್ಬೇಕು ಅಂತ ಆಫೀಸಿನಾಗೆ ಹಟ ಹಿಡಿದ್ರಂತೆ. ನಂಬಿಕಸ್ಥ ಒಬ್ಬನ ಹೆಸರಿಗೆ ಮಾಡಿದ್ರು, ಬರೀ ಕಾಗದಕ್ಕೆ. ಈಗ ಕುರಿಗೆ ನೀರು ಕುಡ್ಸಾಕೆ ಅವನ ಮೊಮ್ಮಕ್ಕಳನ್ನ ಕೇಳ್ಬೇಕು."

"ಅಜ್ಜಾ, ನಾನು ಅಂಥೋನಲ್ಲ" ಎಂದೆ.

"ಅವನೂ ಅಂಥೋನಲ್ಲ ತಮ್ಮಾ," ಎಂದು ಅವರು ಎದ್ದು ನಿಂತರು.