ಗಡಿಗೆಯ ಬಾಯಿಗೆ ಒತ್ತಿದ ಕೈ

ಮೊನ್ನೆ ನೌಬಾದದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ತೊಗರಿ ಹೊಟ್ಟು ತುಂಬಿದ ಲಾರಿಯೊಂದು ನನ್ನ ಮುಂದೆಯೇ ನಿಂತಿತು. ಬಿಸಿಲಿಗೆ ಕಾದ ಆ ಹೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಾಠ ಹೇಳಿ ಹೇಳಿ ನಿವೃತ್ತಳಾದ ಈ ಮುದುಕಿ ಭಾಲ್ಕಿಯ ಅಂಗಳದಲ್ಲಿ ಲಂಗ ಎತ್ತಿ ಕಟ್ಟಿಕೊಂಡು ನಿಂತುಬಿಟ್ಟಳು. ನಮ್ಮ ಮನೆಯೂ ಬೇಳೆ ಗಿರಣಿಯೂ ಒಂದೇ ಕಾಂಪೌಂಡಿನಲ್ಲಿದ್ದವು. ಎಣ್ಣೆ ಸವರಿದ ತೊಗರಿಯನ್ನು ಅಂಗಳದ ತುಂಬ ಹರಡಿರುತ್ತಿದ್ದರು. ಬರಿಗಾಲಲ್ಲಿ ಅದರೊಳಗೆ ನಡೆದು ಸಾಲು ಬಿಡಿಸುವುದು ನನಗೆ ಬಲು ಇಷ್ಟದ ಕೆಲಸ. ಗಿರಣಿ ಓಡತೊಡಗಿದರೆ ಅಡುಗೆಮನೆಯ ಡಬ್ಬಿಗಳೆಲ್ಲ ನಡುಗುತ್ತಿದ್ದವು. ಅವ್ವ ಆ ಸದ್ದಿಗೆ ಎಷ್ಟು ಒಗ್ಗಿದ್ದಳೆಂದರೆ, ಅದು ನಿಂತಾಗಲೇ ಗಾಬರಿಯಾಗಿ ತಲೆ ಎತ್ತುತ್ತಿದ್ದಳು. ಈಗ ಅಲ್ಲಿ ಮದುವೆ ಮಂಟಪ ಎದ್ದಿದೆ. ಒಮ್ಮೆ ಆಮಂತ್ರಣ ಬಂತೆಂದು ಹೋಗಿದ್ದೆ, ಊಟಕ್ಕೆ ಕೂರಲಾಗದೆ ಎದ್ದು ಬಂದೆ.

ಅಪ್ಪ ಔರಾದ ತಾಲೂಕಿನ ಡಾಬಕಾದವನು. ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗಿ ಕಾಳು ಕೊಂಡವನು ಭಾಲ್ಕಿಗೆ ಬಂದು ಗಿರಣಿ ಹಾಕಿದ, ಆಮೇಲೆ ಖಾದಿ ತೊಟ್ಟ. ಒಂದು ಹಿಡಿ ಕಾಳು ಕೈಗೆ ಕೊಟ್ಟರೆ ಸಾಕು, ಅದರಿಂದ ಎಷ್ಟು ಬೇಳೆ ಇಳಿದೀತೆಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಮನುಷ್ಯರನ್ನೂ ಹಾಗೆಯೇ ನೋಡುತ್ತಿದ್ದನೆಂದು ಮಗಳಾಗಿ ಹೇಳಬಾರದು, ಹೇಳುತ್ತಿದ್ದೇನೆ. ಆದರೆ ಊರಿನವರಿಗೆ ಅವನೆಂದರೆ ಪ್ರಾಣ. ನಮ್ಮವನು ಎಂದರೆ ಇವನೇ ಎಂದು ನಂಬಿದ್ದರು.

ಆ ನಂಬಿಕೆ ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕೂತಿರುತ್ತಿತ್ತು. ಬರ ಬಿದ್ದ ವರ್ಷಗಳಲ್ಲಿ ಡಾಬಕಾದ ಮಂದಿ ದೀಪಾವಳಿ ಮುಗಿಯುತ್ತಲೇ ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದರು. ಬೀಗ ಹಾಕಿದ ಮನೆಯಲ್ಲಿ ಬಿತ್ತನೆಯ ಕಾಳು ಉಳಿಯುವ ಖಾತ್ರಿ ಇರಲಿಲ್ಲ. ಅದಕ್ಕೆ ತೊಗರಿಯನ್ನು ಬೂದಿಯಲ್ಲಿ ಕಲಸಿ ಗಡಿಗೆಗೆ ತುಂಬಿ ನಮ್ಮಲ್ಲಿ ಇಟ್ಟು ಹೋಗುವರು. ಗಡಿಗೆಯ ಬಾಯಿಗೆ ಸಗಣಿ ಮೆತ್ತಿ, ಅದು ಹಸಿ ಇರುವಾಗಲೇ ಆ ಮನೆಯ ಹೆಂಗಸು ತನ್ನ ಬಲಗೈ ಒತ್ತುವಳು. ಅದೇ ಮುದ್ರೆ, ಅದೇ ಹೆಸರು. ಕುರಿ ಸಾಕುವ ಮನೆಯ ಕಾಶಿಬಾಯಿ ಕೈ ಒತ್ತುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಅವಳದು ತವರಿನಿಂದ ತಂದ ಸಣ್ಣ ಕರಿ ತೊಗರಿ. ಅವರ ಕಲ್ಲು ಹೊಲದಲ್ಲಿ ಬೇರೆ ಯಾವ ತೊಗರಿಯೂ ಕಾಯಿ ಕಟ್ಟದು. "ಎರಡು ಮಳಿ ಆದ್ರ ಸಾಕವ್ವ, ಇದು ಕೈ ಬಿಡಲ್ಲ. ಬರೂ ವರ್ಷ ನಾವು ಊರು ಬಿಡೂದಿಲ್ಲ ನೋಡು" ಅಂದಳು.

ಅವರು ಹೋದ ಮೇಲೆ ಬಂದ ಬೇಸಿಗೆಯಲ್ಲೇ ಅಪ್ಪ ಮೊದಲ ಸಲ ಚುನಾವಣೆಗೆ ನಿಂತ. ಅರ್ಜಿ ಹಾಕುವ ದಿನ ಬಂದವರಿಗೆಲ್ಲ ಹೋಳಿಗೆ ಊಟ ಎಂದು ಡಂಗುರ ಹೊಡೆಸಿಬಿಟ್ಟಿದ್ದ. ಮಳೆಯಿಲ್ಲದೆ ಗಿರಣಿ ನಿಂತಿತ್ತು, ಪೇಟೆಯಲ್ಲಿ ತೊಗರಿಯ ಸುಳಿವಿರಲಿಲ್ಲ. ಕೊಟ್ಟ ಮಾತು ಹೋದರೆ ಮಾನ ಹೋಯಿತು ಎಂದು ಎರಡು ದಿನ ಒದ್ದಾಡಿ, ಕೊನೆಗೆ ಗಡಿಗೆಗಳನ್ನು ಒಡೆಸಿದ. ಅವ್ವ ಅಡ್ಡ ನಿಂತಳು. "ತೊಗರಿ ಅಂದ್ರ ತೊಗರಿ. ಮಳಿಗಾಲದೊಳಗ ಬ್ಯಾರೆ ತುಂಬಿಟ್ರಾತು" ಅಂದ ಅಪ್ಪ. ಗಿರಣಿಯವನಿಗೆ ಕಾಳೆಂದರೆ ಬೇಳೆಯ ಹಿಂದಿನ ರೂಪ, ಅಷ್ಟೆ; ಅದು ಇಂಥದೇ ಹೊಲದ್ದು ಎಂಬುದು ಅವನಿಗೆ ಮರೆತೇ ಹೋಗಿತ್ತು. ಹೋಳಿಗೆ ನಾನೂ ತಿಂದೆ. ಮೂರು ತಿಂದೆ. ಮೃಗಶಿರಾ ಮಳೆಗೆ ಮೊದಲು ಎಲ್ಲಿಂದಲೋ ತೊಗರಿ ಬಂತು, ಬೂದಿ ಬೆರೆಸಿ ಹೊಸ ಗಡಿಗೆಗಳಿಗೆ ತುಂಬಿದರು. ಮುದ್ರೆ ಒತ್ತಲು ಅವ್ವ ಒಪ್ಪಲಿಲ್ಲ, ಕೈ ಕಟ್ಟಿಕೊಂಡು ಹಿತ್ತಿಲಿಗೆ ನಡೆದಳು. ಅಪ್ಪ ನನ್ನನ್ನು ಕರೆದ. ಒಂಬತ್ತು ವರ್ಷದವಳಿಗೆ ಅಪ್ಪನ ಕೆಲಸಕ್ಕೆ ತಾನು ಬೇಕಾದೆನೆಂಬ ಜಂಬ. ಒಂದೊಂದು ಗಡಿಗೆಗೂ ಚೆಂದಾಗಿ, ಬೆರಳು ಅಗಲಿಸಿ ಒತ್ತಿದೆ.

ಮಂದಿ ತಿರುಗಿ ಬಂದರು. ಅಷ್ಟರಲ್ಲಿ ಅಪ್ಪ ಗೆದ್ದಿದ್ದ, ಕೊರಳಲ್ಲಿ ಹಾರವಿತ್ತು. ತಾನೇ ನಿಂತು ಗಡಿಗೆ ಎತ್ತಿ ಎತ್ತಿ ಕೊಟ್ಟ. ಕಾಶಿಬಾಯಿ ತನ್ನದೆಂದು ಕೊಟ್ಟ ಗಡಿಗೆಯನ್ನು ನೆಲದ ಮೇಲಿಟ್ಟು, ಒಣಗಿದ ಸಗಣಿಯ ಮೇಲೆ ಬಲಗೈ ಇಟ್ಟಳು. ಅವಳ ಬೆರಳುಗಳು ಅಚ್ಚಿನ ಆಚೆ ಚಾಚಿಕೊಂಡವು. ನಾನು ಬಾಗಿಲಲ್ಲಿ ನಿಂತಿದ್ದೆ. ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಸೆರಗನ್ನು ಸಿಂಬಿ ಮಾಡಿ ಗಡಿಗೆ ತಲೆಗೇರಿಸಿಕೊಂಡು, ಅಪ್ಪನಿಗೆ ಬರ್ತೇನ್ರಿ ಎಂದು ಹೇಳಿ ಹೋದಳು.

ಆ ವರ್ಷ ಮಳೆ ಬಂತು. ಅವಳ ಹೊಲದಲ್ಲಿ ತೊಗರಿ ಆಳೆತ್ತರ ಬೆಳೆಯಿತಂತೆ, ಕಾಯಿ ಮಾತ್ರ ಕಟ್ಟಲಿಲ್ಲ. ಊರಲ್ಲಿ ಉಳಿಯಬೇಕಾದ ಅವಳ ಮನೆಯವರು ಮತ್ತೆ ಕಬ್ಬಿಗೆ ಹೋದರು. ಹೋದವರು ಹದಿನಾಲ್ಕು ವರ್ಷ ಬರಲಿಲ್ಲ. ಅಪ್ಪ ಎರಡು ಸಲ ಗೆದ್ದ, ಒಂದು ಸಲ ಸೋತ, ಪಕ್ಷ ಬದಲಿಸಿ ಮತ್ತೆ ಸೋತ. ಬೀದರಿನ ಸಭೆಗಳಲ್ಲಿ ಬೀಜವೇ ರೈತನ ಜೀವ ಎಂದು ಗಂಟಲು ಹರಿಯುವಂತೆ ಭಾಷಣ ಮಾಡುತ್ತಿದ್ದ. ಮುಂದಿನ ಸಾಲಿನಲ್ಲಿ ಕೂತ ನಾನು ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದೆ. ಅಷ್ಟು ಹೊತ್ತಿಗೆ ನನಗೆ ಎಲ್ಲ ತಿಳಿದಿತ್ತು. ಅದಕ್ಕೇ ನನಗೆ ಹೆಚ್ಚು ನಾಚಿಕೆ.

ಅಪ್ಪ ತೀರಿದ ಮೇಲೆ ಡಾಬಕಾಕ್ಕೆ ಹೋದೆ. ಕಾಶಿಬಾಯಿ ಗುರುತು ಹಿಡಿದಳು. ಗಡಿಗೆಯ ಮೇಲೆ ಒತ್ತಿದ ಕೈ ನನ್ನದೆಂದು ಹೇಳಿದೆ.

"ಗೊತ್ತಿತ್ತವ್ವ. ಅವತ್ತೇ ಕೈ ಇಟ್ಟು ನೋಡಿದ್ನಲ್ಲ" ಅಂದಳು.

"ಮತ್ತ ಯಾಕ ಹೇಳ್ಲಿಲ್ಲ?"

"ಹ್ಯಾಂಗ ಹೇಳ್ಲಿ? ನೀ ಬಾಗಿಲ್ದಾಗ ನಿಂತಿದ್ದಿ. ಅಷ್ಟು ಮಂದ್ಯಾಗ ಕೂಸಿನ ಕೈ ಹಿಡ್ದು ಕಳ್ಳಿ ಅಂತ ತೋರಸ್ಲೇನು?"

ನಾನು ಅತ್ತೆ. ಅವಳು ಅಳಲಿಲ್ಲ, ತಡೆಯಲೂ ಇಲ್ಲ. ಒಳಗೆ ಹೋಗಿ ತಾಟು ಹಚ್ಚಿಕೊಂಡು ಬಂದಳು. ಬಿಸಿ ರೊಟ್ಟಿ, ಒಂದು ಬಟ್ಟಲು ಬೇಳೆ. ಬೇಡವೆನ್ನುವ ಮುಖ ನನಗಿರಲಿಲ್ಲ. ಮೊದಲ ತುತ್ತು ಮುರಿಯುವಾಗ ಅವಳು ಎದುರಿಗೆ ಕೂತು, ತಾನೇ ತಪ್ಪು ಮಾಡಿದವಳಂತೆ ದನಿ ಇಳಿಸಿ ಹೇಳಿದಳು: "ಅಂಗಡಿ ಬ್ಯಾಳಿ ಅದವ್ವ, ರುಚಿ ಇರಲ್ಲ. ಏನೂ ತಿಳ್ಕೋಬ್ಯಾಡ."