ಬ್ಲೇಡು ಕೊಡದ ಹುಡುಗಿ

ನನ್ನ ಮೊಣಕಾಲು ಕೊಯ್ಯಲು ಡಾಕ್ಟರು ಬ್ಲೇಡು ಕೇಳಿದರು. ಹುಡುಗಿ ಕೊಡಲಿಲ್ಲ. ತನ್ನ ಗ್ಲೌಸ್ ತಲೆಯ ಮೇಲಿನ ಲೈಟಿಗೆ ತಾಗಿತು, ಕ್ರಿಮಿ ಹತ್ತಿರಬಹುದು, ಅದೇ ಕೈಯಲ್ಲಿ ಮುಟ್ಟಿದ ಟ್ರೇ ಪೂರ್ತಿ ಬದಲಿಸಬೇಕು ಎಂದು ತೆಲುಗಿನಲ್ಲಿ ಹೇಳಿದಳು.

ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ಪರದೆಯ ಈಚೆಗಿದ್ದ ನನಗೆ ಎಲ್ಲವೂ ಕೇಳುತ್ತಿತ್ತು. ಹೈದರಾಬಾದಿನ ಆ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ಟೆಕ್ನಿಷಿಯನ್ ಕೆಲಸ ಕಲಿಯುತ್ತಿದ್ದ ಕಲಬುರಗಿಯವಳು ಅವಳು. ನನ್ನ ಕನ್ನಡ ಕೇಳಿ ಬೆಳಿಗ್ಗೆಯೇ ಕಾಕಾ ಎಂದಿದ್ದಳು. ಗ್ಲೌಸ್ ತಾಗಿದ್ದನ್ನು ಬೇರೆ ಯಾರೂ ಕಂಡಿರಲಿಲ್ಲ. ಡಾಕ್ಟರು ಗದರಿದರು. ಅವಳು ಹೊಸ ಗ್ಲೌಸ್ ತೊಟ್ಟು, ಎಲ್ಲವನ್ನೂ ಮತ್ತೆ ಜೋಡಿಸತೊಡಗಿದಳು.

"ಸ್ವಲ್ಪ ತಡ ಆಕ್ಕೈತ್ರಿ ಕಾಕಾ. ನಾ ಬೈಸ್ಕೊಂಡ್ರ ನಡೀತೈತಿ, ನಿಮ್ಮ ಕಾಲಾಗ ಕೀವು ಆಗಬಾರದ್ರಿ."

ಈಗ ಸರಾಗವಾಗಿ ನಡೆಯುತ್ತೇನೆ. ಮೊಣಕಾಲಿನ ಗೆರೆ ಕಂಡಾಗಲೆಲ್ಲ, ಕೊಯ್ದವರಿಗಿಂತ ಮೊದಲು ನೆನಪಾಗುವವಳು ಕೊಯ್ಯುವುದನ್ನು ತಡೆದವಳು.